ಎಟಿಎಂ ಕಾರ್ಡ್ ಮೋಸ: ತಪ್ಪಿಸಿಕೊಳ್ಳುವುದು ಹೇಗೆ, ದುಡ್ಡು ಹೋದರೆ ವಾಪಸ್ ಕೇಳುವುದು ಹೇಗೆ

ಎಟಿಎಂ ಮೋಸ ಅಂದ ತಕ್ಷಣ ಎಲ್ಲರ ತಲೆಗೆ ಬರುವುದು ಸ್ಕಿಮ್ಮರ್. ಕಾರ್ಡಿನ ಮಾಹಿತಿ ಕದಿಯಲು ಕಾರ್ಡ್ ತೂರಿಸುವ ಜಾಗಕ್ಕೆ ಕಳ್ಳರು ಅಂಟಿಸುವ ಪುಟ್ಟ ಯಂತ್ರ, ಪಿನ್ ನೋಡಲು ಮೇಲೊಂದು ಗುಟ್ಟಿನ ಕ್ಯಾಮೆರಾ. ಅದು ಇರುವುದು ನಿಜವೇ. ಆದರೆ ನಮ್ಮ ಜಿಲ್ಲೆ, ತಾಲ್ಲೂಕುಗಳ ಅಪರಾಧ ಸುದ್ದಿಗಳನ್ನು ಓದುತ್ತಾ ಬನ್ನಿ. ಪದೇ ಪದೇ ಸಿಗುವವನು ಪಕ್ಕದಲ್ಲಿ ನಿಂತು "ಕೊಡಿ ಯಜಮಾನ್ರೇ, ನಾನು ತೆಗೆದುಕೊಡ್ತೀನಿ" ಅಂದವನು.

ಇದಕ್ಕೆ ಕಾರಣ ಚಿಪ್. ಕಾರ್ಡಿನ ಬೆನ್ನ ಮೇಲಿರುವ ಕಪ್ಪು ಪಟ್ಟಿಯಲ್ಲಿ ಮಾಹಿತಿ ಬದಲಾಗದೆ ಕೂತಿರುತ್ತದೆ. ಅದನ್ನು ಒಮ್ಮೆ ಓದಿಕೊಂಡರೆ ಸಾಕು, ಇನ್ನೊಂದು ಖಾಲಿ ಕಾರ್ಡಿಗೆ ಇಳಿಸಬಹುದು. ಚಿಪ್ ಹಾಗಲ್ಲ. ಪ್ರತಿ ವ್ಯವಹಾರಕ್ಕೂ ಒಂದು ಹೊಸ ಸಂಕೇತ ಹುಟ್ಟಿಸುತ್ತದೆ, ಹಳೆಯದು ಮತ್ತೆ ನಡೆಯುವುದಿಲ್ಲ. 2018ರ ಡಿಸೆಂಬರ್ 31ರೊಳಗೆ ಎಲ್ಲ ಕಾರ್ಡುಗಳೂ ಚಿಪ್ ಕಾರ್ಡ್ ಆಗಬೇಕು ಎಂದು ರಿಸರ್ವ್ ಬ್ಯಾಂಕ್ ಗಡುವು ಹಾಕಿದ್ದು ಇದಕ್ಕೇ. ಹಾಗಾಗಿ ಚಿಪ್ ಓದುವ ಎಟಿಎಂನಲ್ಲಿ ಇವತ್ತು ಕಳ್ಳನಿಗೆ ಅಸಲಿ ಕಾರ್ಡೂ ಬೇಕು, ಪಿನ್ನೂ ಬೇಕು. ಎರಡೂ ಒಟ್ಟಿಗೆ ಸಿಗುವುದು ನಿಮ್ಮ ಹತ್ತಿರ ಮಾತ್ರ. ಅದಕ್ಕೇ ಅವನು ಮಷೀನು ಬಿಟ್ಟು ನಿಮ್ಮ ಪಕ್ಕಕ್ಕೆ ಬಂದಿದ್ದಾನೆ.

ನಾವು ಎಷ್ಟೇ ಎಚ್ಚರವಾಗಿದ್ದರೂ ತಡೆಯಲಾಗದ ಮೋಸಗಳೂ ಇವೆ. 2016ರಲ್ಲಿ ಎಟಿಎಂ ನಡೆಸುವ ಹಿಟಾಚಿ ಪೇಮೆಂಟ್ ಸರ್ವಿಸಸ್ ಕಂಪನಿಯ ವ್ಯವಸ್ಥೆಗೆ ಮಾಲ್‌ವೇರ್, ಅಂದರೆ ಕಳ್ಳ ತಂತ್ರಾಂಶ, ನುಗ್ಗಿತ್ತು. ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳು ಅಪಾಯಕ್ಕೆ ಸಿಕ್ಕವು. 2018ರ ಆಗಸ್ಟಿನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ವ್ಯವಸ್ಥೆಯೊಳಗೆ ಹೊಕ್ಕು, ಹಲವು ದೇಶಗಳ ಎಟಿಎಂಗಳಲ್ಲಿ ನಕಲಿ ಕಾರ್ಡ್ ಬಳಸಿ, ಒಟ್ಟು ಸುಮಾರು 94 ಕೋಟಿ ರೂಪಾಯಿ ದೋಚಿದರು. ಇವು ಬ್ಯಾಂಕುಗಳು ಕಾಯಬೇಕಾದ ಬಾಗಿಲುಗಳು. ನಮ್ಮ ಕೈಯಲ್ಲಿರುವುದನ್ನು ಒಂದೊಂದಾಗಿ ನೋಡೋಣ.

ಹಂತ 1: ಮನೆಯಲ್ಲೇ ಕೂತು ಮಾಡಿ ಮುಗಿಸುವ ಕೆಲಸ

ಬ್ಯಾಂಕಿನ ಆ್ಯಪ್ ತೆರೆದು ಕಾರ್ಡ್ ವಿಭಾಗಕ್ಕೆ ಹೋಗಿ. ಎಟಿಎಂ, ಅಂಗಡಿಯ ಸ್ವೈಪ್ ಮಷೀನ್, ಆನ್‌ಲೈನ್, ವಿದೇಶ, ಕಾಂಟ್ಯಾಕ್ಟ್‌ಲೆಸ್ ಎಂದು ಬೇರೆ ಬೇರೆ ಸ್ವಿಚ್‌ಗಳು ಕಾಣುತ್ತವೆ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ಆದೇಶದ ಫಲ ಇದು. ಹೊಸ ಕಾರ್ಡ್ ಕೈಗೆ ಬಂದಾಗ ದೇಶದೊಳಗಿನ ಎಟಿಎಂ ಮತ್ತು ಸ್ವೈಪ್ ಮಷೀನಿಗೆ ಮಾತ್ರ ತೆರೆದಿರಬೇಕು, ಉಳಿದದ್ದನ್ನು ನೀವು ಕೇಳಿದರೆ ಮಾತ್ರ ಕೊಡಬೇಕು ಎಂಬುದು ನಿಯಮ. ಆದರೂ ಒಮ್ಮೆ ನೋಡಿ. ಯಾವಾಗಲೋ ಆನ್ ಮಾಡಿ ಮರೆತಿರುತ್ತೇವೆ.

ವಿದೇಶದ ಸ್ವಿಚ್ ಅಂತೂ ಆಫ್ ಇರಲೇಬೇಕು. ಚಿಪ್ ಇದ್ದರೂ ಬೆನ್ನ ಮೇಲಿನ ಕಪ್ಪು ಪಟ್ಟಿ ಇನ್ನೂ ಹೋಗಿಲ್ಲ. ಚಿಪ್ ಕೇಳದ ಮಷೀನ್ ಎಲ್ಲಾದರೂ ಸಿಕ್ಕರೆ ನಕಲಿ ಕಾರ್ಡ್ ನಡೆಯುವುದು ಅಲ್ಲಿ. ಕಾಂಟ್ಯಾಕ್ಟ್‌ಲೆಸ್ ಬಗ್ಗೆಯೂ ಯೋಚಿಸಿ. 2021ರ ಜನವರಿ 1ರಿಂದ 5,000 ರೂಪಾಯಿವರೆಗೆ ಪಿನ್ ಇಲ್ಲದೆ ಕಾರ್ಡ್ ಮುಟ್ಟಿಸಿ ಹಣ ಕೊಡಬಹುದು. ಕಾರ್ಡ್ ಕಳೆದರೆ ಸಿಕ್ಕವನಿಗೂ ಅದೇ ಅನುಕೂಲ ಅಲ್ವಾ? ಬಳಸದವರು ಆಫ್ ಮಾಡಿಬಿಡಿ.

ಆಮೇಲೆ ದಿನದ ಮಿತಿ. ನೀವು ಒಂದು ದಿನಕ್ಕೆ ಹೆಚ್ಚೆಂದರೆ ಎಷ್ಟು ತೆಗೆಯುತ್ತೀರೋ ಅಷ್ಟಕ್ಕೆ ಇಳಿಸಿ. ಮದುವೆಗೋ ಆಸ್ಪತ್ರೆಗೋ ಜಾಸ್ತಿ ಬೇಕಾದಾಗ ಏರಿಸಿಕೊಳ್ಳಬಹುದು. ಸ್ಮಾರ್ಟ್‌ಫೋನ್ ಇಲ್ಲದವರು ನೆಟ್ ಬ್ಯಾಂಕಿಂಗ್, ಸಹಾಯವಾಣಿ ಅಥವಾ ಎಟಿಎಂನಲ್ಲೇ ಇದನ್ನು ಮಾಡಲು ಬರುತ್ತದೆಯೇ ಕೇಳಿ. ಶಾಖೆಗೆ ಹೋಗಿಯೂ ವಿಚಾರಿಸಬಹುದು.

ನನ್ನನ್ನು ಕೇಳಿದರೆ ಇದೆಲ್ಲಕ್ಕಿಂತ ಗಟ್ಟಿ ಉಪಾಯ ಎರಡು ಖಾತೆ ಇಟ್ಟುಕೊಳ್ಳುವುದು. ಉಳಿತಾಯದ ದೊಡ್ಡ ಗಂಟು ಕಾರ್ಡೇ ಇಲ್ಲದ ಖಾತೆಯಲ್ಲೋ ಎಫ್‌ಡಿಯಲ್ಲೋ ಇರಲಿ. ಕಾರ್ಡ್ ಇರುವ ಖಾತೆಯಲ್ಲಿ ತಿಂಗಳ ಖರ್ಚಿನಷ್ಟೇ ಇರಲಿ. ನಿವೃತ್ತಿಯ ಹಣವನ್ನೆಲ್ಲ ಪಿಂಚಣಿ ಖಾತೆಯಲ್ಲೇ ಬಿಟ್ಟು, ಅದೇ ಕಾರ್ಡನ್ನು ಶರ್ಟಿನ ಜೇಬಿನಲ್ಲಿ ಇಟ್ಟುಕೊಂಡು ಸಂತೆಗೆ ಹೋಗುವವರು ನಮ್ಮಲ್ಲಿ ಕಡಿಮೆಯಿಲ್ಲ.

ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಈಗ ಚಾಲ್ತಿಯಲ್ಲಿದೆಯೇ ನೋಡಿ. ನಿಮ್ಮ ಖಾತೆಯಿಂದ ದುಡ್ಡು ಹೋದ ಮೆಸೇಜು ಸತ್ತುಹೋದ ಸಿಮ್‌ಗೆ ಬಂದು ಏನು ಪ್ರಯೋಜನ?

ಕೊನೆಗೆ ಒಂದು ನಂಬರ್. ಕಾರ್ಡ್ ಬ್ಲಾಕ್ ಮಾಡಿಸುವ ಸಹಾಯವಾಣಿ ಕಾರ್ಡಿನ ಹಿಂದೆಯೇ ಇರುತ್ತದೆ, ಆದರೆ ಕಾರ್ಡೇ ಕಳೆದಾಗ ಅದನ್ನು ಎಲ್ಲಿ ನೋಡುವುದು? ಈಗಲೇ ಫೋನಿನಲ್ಲಿ ಉಳಿಸಿ, ಪಾಸ್‌ಬುಕ್ಕಿನ ಒಳಗೂ ಬರೆದಿಡಿ. ಗಾಬರಿಯಲ್ಲಿ ಗೂಗಲ್‌ನಲ್ಲಿ "ಕಸ್ಟಮರ್ ಕೇರ್" ಹುಡುಕಬೇಡಿ. ಅಲ್ಲಿ ಕಳ್ಳರೇ ಹಾಕಿಟ್ಟ ನಂಬರುಗಳು ಸಿಗುತ್ತವೆ. ಹೋದದ್ದು ಸಾಲದು ಎಂಬಂತೆ ಉಳಿದದ್ದೂ ಹೋಗುತ್ತದೆ.

ಹಂತ 2: ಪಿನ್ ಬದಲಿಸಿ

ಎಟಿಎಂ ಯಂತ್ರ ಮೊದಲು ಬಂದದ್ದು 1967ರಲ್ಲಿ, ಲಂಡನ್ನಿನ ಎನ್‌ಫೀಲ್ಡ್‌ನ ಬಾರ್ಕ್ಲೇಸ್ ಬ್ಯಾಂಕಿನಲ್ಲಿ. ಅದನ್ನು ರೂಪಿಸಿದ ಜಾನ್ ಶೆಫರ್ಡ್ ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗ್‌ನಲ್ಲಿ. ಅವರು ಆರು ಅಂಕಿಯ ಗುಟ್ಟು ಸಂಖ್ಯೆ ಯೋಚಿಸಿದ್ದರಂತೆ. ಹೆಂಡತಿಗೆ ನಾಲ್ಕಕ್ಕಿಂತ ಹೆಚ್ಚು ನೆನಪಿರಲ್ಲ ಅಂತ ಗೊತ್ತಾಗಿ ನಾಲ್ಕಕ್ಕೆ ನಿಲ್ಲಿಸಿದ್ದಾಗಿ ಅವರೇ ಹೇಳಿಕೊಂಡಿದ್ದರು.

ನಾಲ್ಕು ಅಂಕಿಯಲ್ಲಿ ಆಗುವುದು 10,000 ಸಂಖ್ಯೆಗಳು. ಅದರಲ್ಲಿ ನಾವು ಆರಿಸುವುದು 1234, ಹುಟ್ಟಿದ ಇಸವಿ, ಇಲ್ಲವೇ ಬೈಕಿನ ನಂಬರ್. ಆ ಬೈಕು ಎಟಿಎಂ ಹೊರಗೇ ನಿಂತಿರುತ್ತದೆ! ಈ ಮೂರನ್ನೂ ಬಿಡಿ. ಪಿನ್ನನ್ನು ಕಾರ್ಡಿನ ಕವರ್ ಮೇಲೆ ಬರೆಯಬೇಡಿ. ಫೋನಿನಲ್ಲಿ "ಎಟಿಎಂ ಅಣ್ಣ" ಎಂದು ಸೇವ್ ಮಾಡುವ ಜಾಣತನ ಕಳ್ಳರಿಗೂ ಗೊತ್ತು.

ಹಂತ 3: ಮಷೀನ್ ಆರಿಸಿಕೊಳ್ಳಿ

ಶಾಖೆಗೆ ಅಂಟಿಕೊಂಡ ಎಟಿಎಂ, ಬ್ಯಾಂಕ್ ತೆರೆದಿರುವ ಹೊತ್ತು. ಇದು ಎಲ್ಲಕ್ಕಿಂತ ಒಳ್ಳೆಯದು. ಕಾರ್ಡ್ ಸಿಕ್ಕಿಕೊಂಡರೂ, ದುಡ್ಡು ಬರದಿದ್ದರೂ ಪಕ್ಕದ ಬಾಗಿಲಿಗೆ ಹೋಗಿ ಕೇಳಬಹುದು.

ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಎಟಿಎಂನಲ್ಲಿ 2013ರ ನವೆಂಬರ್ 19ರ ಬೆಳಗ್ಗೆ ನಡೆದದ್ದು ಹಲವರಿಗೆ ನೆನಪಿರಬಹುದು. ಒಬ್ಬ ಮಹಿಳೆ ಒಳಗೆ ಹೋದ ಕೂಡಲೇ ಹಿಂದೆಯೇ ಬಂದವನು ಷಟರ್ ಎಳೆದು ಮಚ್ಚಿನಿಂದ ಹಲ್ಲೆ ಮಾಡಿದ. ಅವನು ಸಿಕ್ಕಿಬಿದ್ದದ್ದು 2017ರಲ್ಲಿ. ಆ ಘಟನೆಯ ನಂತರ ಕಾವಲುಗಾರರಿಲ್ಲದ ಎಟಿಎಂಗಳನ್ನು ಮುಚ್ಚಿಸುವ ಕೆಲಸ ನಡೆಯಿತು. ಈಗ ಮತ್ತೆ ಎಷ್ಟೋ ಎಟಿಎಂಗಳಲ್ಲಿ ಖಾಲಿ ಕುರ್ಚಿ ಮಾತ್ರ ಇದೆ. ಒಳಗೆ ಹೋಗುವ ಮುಂಚೆ ಒಮ್ಮೆ ಹಿಂದೆ ತಿರುಗಿ ನೋಡಿ, ಯಾರಾದರೂ ನಿಮ್ಮ ಜೊತೆಗೇ ನುಗ್ಗಲು ನೋಡಿದರೆ ಹೊರಗೆ ಬಂದುಬಿಡಿ.

ಹಣ ತುಂಬುವ ವಾಹನ ನಿಂತಿದ್ದರೆ ದೂರ ಇರಿ. 2025ರ ಜನವರಿ 16ರಂದು ಬೀದರ್‌ನಲ್ಲಿ ಹಾಡಹಗಲೇ, ಎಟಿಎಂಗೆ ತುಂಬಲು ತಂದ ಹಣವನ್ನು ಬೈಕಿನಲ್ಲಿ ಬಂದವರು ಸಿಬ್ಬಂದಿಗೆ ಗುಂಡು ಹೊಡೆದು ಕೊಂಡೊಯ್ದರು.

ಹಂತ 4: ಕಾರ್ಡ್ ಹಾಕುವ ಮುಂಚೆ ಮುಟ್ಟಿ ನೋಡಿ

ಮೂರು ಜಾಗ ನೋಡಿದರೆ ಸಾಕು. ಕಾರ್ಡ್ ತೂರಿಸುವ ಬಾಯನ್ನು ಬೆರಳಿನಿಂದ ಹಿಡಿದು ಅಲ್ಲಾಡಿಸಿ. ಬ್ಯಾಂಕು ಹಾಕಿದ ಭಾಗ ಅಲ್ಲಾಡುವುದಿಲ್ಲ. ಅಂಟಿಸಿದ್ದಾದರೆ ಸಡಿಲವಾಗಿರುತ್ತದೆ ಅಥವಾ ಬಣ್ಣ ಬೇರೆ ಇರುತ್ತದೆ. ಕೀಪ್ಯಾಡ್ ಉಬ್ಬಿಕೊಂಡಿದೆಯೇ, ಮೇಲಿನ ಲೈಟಿನ ಪಟ್ಟಿಯಲ್ಲೋ ಪಕ್ಕದಲ್ಲಿ ಅಂಟಿಸಿದ ಪೆಟ್ಟಿಗೆಯಲ್ಲೋ ಪುಟ್ಟ ತೂತು ಕೀಪ್ಯಾಡಿನ ಕಡೆಗೆ ಮುಖ ಮಾಡಿದೆಯೇ ನೋಡಿ. ಸ್ಲಾಟಿನ ಒಳಗೇ ಕೂರುವ ತೆಳು ಸ್ಕಿಮ್ಮರ್‌ಗಳೂ ಇವೆ, ಅವು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ನೋಡಿ ಮುಗಿಸಿದ ಮೇಲೂ ಕೈ ಮುಚ್ಚಿಯೇ ಪಿನ್ ಒತ್ತಬೇಕು. ಕ್ಯಾಮೆರಾಕ್ಕೆ ನಿಮ್ಮ ಬೆರಳು ಕಾಣದೆ ಪಿನ್ ಗೊತ್ತಾಗದಿದ್ದರೆ ಕಾರ್ಡಿನ ಮಾಹಿತಿ ಕದ್ದವನಿಗೆ ಎಟಿಎಂನಿಂದ ದುಡ್ಡು ತೆಗೆಯಲು ಆಗುವುದಿಲ್ಲ.

ಮೂರನೆಯದು ದುಡ್ಡು ಬರುವ ಬಾಗಿಲು. ಅದರ ಮುಂದೆ ಪಟ್ಟಿಯಂಥದ್ದನ್ನು ಅಂಟಿಸಿ ನೋಟು ಹೊರಗೆ ಬರದಂತೆ ಮಾಡುತ್ತಾರೆ. ನೋಟು ಎಣಿಸುವ ಶಬ್ದ ಕೇಳುತ್ತದೆ, ದುಡ್ಡು ಕಾಣುವುದಿಲ್ಲ. ಮಷೀನ್ ಕೆಟ್ಟಿದೆ ಅಂದುಕೊಂಡು ನೀವು ಹೋದ ಮೇಲೆ ಅವನು ಬಂದು ಪಟ್ಟಿ ಕಿತ್ತು ನೋಟು ತೆಗೆದುಕೊಳ್ಳುತ್ತಾನೆ.

ವಾಟ್ಸ್ಯಾಪ್‌ನಲ್ಲಿ ಸುತ್ತುವ ಎರಡು ಮಾತುಗಳನ್ನು ಇಲ್ಲೇ ಬಿಟ್ಟುಬಿಡಿ. ಕಾರ್ಡ್ ಹಾಕುವ ಮುಂಚೆ ಎರಡು ಸಲ ಕ್ಯಾನ್ಸಲ್ ಒತ್ತಿದರೆ ಪಿನ್ ಕಳುವಾಗುವುದಿಲ್ಲ ಎಂಬುದು ಸುಳ್ಳು. ಪಿನ್ನನ್ನು ಉಲ್ಟಾ ಒತ್ತಿದರೆ ಪೊಲೀಸರಿಗೆ ಸುದ್ದಿ ಹೋಗುತ್ತದೆ ಎಂಬುದೂ ಸುಳ್ಳು. 1221 ಎಂಬ ಪಿನ್ ಇರುವವರು ಏನು ಮಾಡಬೇಕು ಹೇಳಿ!

ಹಂತ 5: ಸಹಾಯಕ್ಕೆ ಬಂದವನಿಗೆ ಕಾರ್ಡ್ ಕೊಡಬೇಡಿ

ಈ ಮೋಸ ನಡೆಯುವ ರೀತಿ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ವಯಸ್ಸಾದವರೋ, ಕನ್ನಡ ಅಕ್ಷರ ಹುಡುಕುತ್ತಾ ತಡವರಿಸುವವರೋ ಮಷೀನ್ ಮುಂದೆ ನಿಂತಿರುತ್ತಾರೆ. ನೀಟಾಗಿ ಬಟ್ಟೆ ಹಾಕಿದ ಹುಡುಗ ಹಿಂದಿನಿಂದ ಬರುತ್ತಾನೆ. "ಅಜ್ಜಿ, ಸರ್ವರ್ ಸ್ಲೋ ಇದೆ. ಕಾರ್ಡ್ ಒರೆಸಿ ಹಾಕಬೇಕು, ಕೊಡಿ ಇಲ್ಲಿ." ಕಾರ್ಡ್ ಹಾಕುತ್ತಾನೆ, "ಪಿನ್ ಒತ್ತಿ" ಅನ್ನುತ್ತಾನೆ, ಅಲ್ಲೇ ನಿಂತು ನೋಡಿಕೊಳ್ಳುತ್ತಾನೆ. ಕೆಲವೊಮ್ಮೆ ಕೇಳಿದಷ್ಟು ದುಡ್ಡನ್ನು ನಿಜವಾಗಿಯೂ ತೆಗೆದುಕೊಡುತ್ತಾನೆ, ಅನುಮಾನವೇ ಬರಬಾರದು ನೋಡಿ. ಇನ್ನು ಕೆಲವೊಮ್ಮೆ "ದುಡ್ಡಿಲ್ಲ ಇದರಲ್ಲಿ, ಬೇರೆ ಕಡೆ ಹೋಗಿ" ಅನ್ನುತ್ತಾನೆ. ಎರಡರಲ್ಲೂ ಕೊನೆಗೆ ನಿಮ್ಮ ಕೈಗೆ ಬರುವುದು ಅದೇ ಬ್ಯಾಂಕಿನ, ಅದೇ ಬಣ್ಣದ ಇನ್ನೊಬ್ಬರ ಕಾರ್ಡ್. ನೀವು ಬಸ್ ಹತ್ತುವ ಹೊತ್ತಿಗೆ ಅವನು ಇನ್ನೊಂದು ಎಟಿಎಂನಲ್ಲಿರುತ್ತಾನೆ.

ಹಾಗಾಗಿ ಕಾರ್ಡ್ ವಾಪಸ್ ಬಂದ ಕೂಡಲೇ ಅದರ ಮೇಲಿನ ಹೆಸರು ನೋಡಿ. ಕೆಲವು ಕಾರ್ಡುಗಳ ಮೇಲೆ ಹೆಸರೇ ಇರುವುದಿಲ್ಲ. ಅಂಥದ್ದಕ್ಕೆ ಹಿಂದುಗಡೆ ಸಹಿ ಹಾಕಿ, ಮೂಲೆಯಲ್ಲಿ ಒಂದು ಗುರುತಿನ ಸ್ಟಿಕರ್ ಅಂಟಿಸಿ. ಚಿಪ್‌ನಿಂದ ದೂರ ಇದ್ದರೆ ಸಾಕು. ಓದಲು ಬಾರದ ಅಮ್ಮನಿಗೂ ಅಜ್ಜನಿಗೂ ಈ ಬಣ್ಣದ ಚುಕ್ಕಿಯೇ ಕಾವಲು.

ತಾಯಿ ತಂದೆಗೆ ಇದನ್ನು ಹೇಳುವಾಗ "ಯಾರನ್ನೂ ನಂಬಬೇಡ" ಅಂದರೆ ನಾಟುವುದಿಲ್ಲ, ಎದುರಿಗೆ ನಿಂತವನು ಒಳ್ಳೆಯವನ ಹಾಗೇ ಕಾಣುತ್ತಾನೆ. "ಕಾರ್ಡನ್ನು ಇನ್ನೊಬ್ಬರ ಕೈಗೆ ಕೊಡಬೇಡಮ್ಮ, ಗೊತ್ತಾಗದಿದ್ದರೆ ಕ್ಯಾನ್ಸಲ್ ಒತ್ತಿ ಬ್ಯಾಂಕಿನ ಒಳಗೆ ಹೋಗು" ಎಂದು ಒಂದೇ ಮಾತು ಹೇಳಿ. ಗೃಹಲಕ್ಷ್ಮಿಯ 2,000 ರೂಪಾಯಿಯೋ ಪಿಂಚಣಿಯೋ ಬಂದ ದಿನ ಎಟಿಎಂ ಮುಂದೆ ಗುಂಪು ಇರುತ್ತದೆ, ಸಹಾಯಕರೂ ಅವತ್ತೇ ಬರುತ್ತಾರೆ. ಎರಡು ದಿನ ಬಿಟ್ಟು ಹೋದರೆ ಏನೂ ನಷ್ಟವಿಲ್ಲ.

ಸ್ಟೇಟ್ ಬ್ಯಾಂಕ್ ತನ್ನ ಎಟಿಎಂಗಳಲ್ಲಿ ತನ್ನ ಗ್ರಾಹಕರಿಗೆ 10,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಮೊತ್ತಕ್ಕೆ 2020ರಿಂದ ಒಟಿಪಿ ಕೇಳುತ್ತದೆ. ಇದು ಒಳ್ಳೆಯ ಬೇಲಿಯೇ. ಆದರೆ ಅದಕ್ಕಿಂತ ಕಡಿಮೆ ಮೊತ್ತಕ್ಕೂ, ಬೇರೆ ಬ್ಯಾಂಕಿನ ಎಟಿಎಂಗೂ ಇದು ಅನ್ವಯಿಸುವುದಿಲ್ಲ. ಯುಪಿಐ ಬಳಸುವವರು ಕ್ಯುಆರ್ ಸ್ಕ್ಯಾನ್ ಮಾಡಿ ಕಾರ್ಡ್ ಇಲ್ಲದೆಯೇ ಹಣ ತೆಗೆಯುವ ಸೌಲಭ್ಯ ಕೆಲವು ಎಟಿಎಂಗಳಲ್ಲಿದೆ. ಕಾರ್ಡೇ ಹೊರಗೆ ಬರದಿದ್ದರೆ ಅದಲು ಬದಲು ಮಾಡುವುದು ಯಾವುದನ್ನು?

ಹಂತ 6: ಕಾರ್ಡ್ ಅಥವಾ ದುಡ್ಡು ಒಳಗೇ ಉಳಿದರೆ

ಕಾರ್ಡ್ ಸಿಕ್ಕಿಕೊಂಡರೆ ಅಲ್ಲಿಂದ ಕದಲಬೇಡಿ. ಗೋಡೆಗೆ ಪೆನ್ನಿನಲ್ಲಿ ಬರೆದ ಅಥವಾ ಪ್ರಿಂಟ್ ತೆಗೆದು ಅಂಟಿಸಿದ "ಸಹಾಯವಾಣಿ"ಗೆ ಫೋನ್ ಮಾಡಬೇಡಿ. ಸ್ಲಾಟಿಗೆ ಅಂಟು ಹಾಕಿ ಕಾರ್ಡ್ ಸಿಕ್ಕಿಸುವವರೇ ಆ ನಂಬರನ್ನೂ ಅಂಟಿಸಿರುತ್ತಾರೆ. "ಪಿನ್ ಮತ್ತೆ ಒತ್ತಿ, ಆಮೇಲೆ ನಾಳೆ ಬಂದು ಕಾರ್ಡ್ ತೆಗೆದುಕೊಳ್ಳಿ" ಎನ್ನುತ್ತಾರೆ. ನೀವು ಫೋನಿನಲ್ಲಿ ಉಳಿಸಿಟ್ಟ ನಂಬರಿಗೇ ಕರೆ ಮಾಡಿ, ನಿಂತಲ್ಲೇ ಕಾರ್ಡ್ ಬ್ಲಾಕ್ ಮಾಡಿಸಿ.

ಖಾತೆಯಲ್ಲಿ ಹಣ ಕಡಿತವಾಗಿ ನೋಟು ಬರದಿದ್ದರೆ ಮೊದಲು ದುಡ್ಡು ಬರುವ ಬಾಗಿಲು ನೋಡಿ, ಸ್ಲಿಪ್ ಇಟ್ಟುಕೊಳ್ಳಿ, ಎಟಿಎಂನ ಗುರುತಿನ ಸಂಖ್ಯೆಯ ಫೋಟೊ ತೆಗೆಯಿರಿ. 2019ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಆ ಹಣ ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ತಾನಾಗಿ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅದನ್ನು ನೀವು ಕೇಳದೆಯೇ ಕೊಡಬೇಕು. ಕೊಡದಿದ್ದರೆ ಕೇಳಿ, ನಾಚಿಕೆ ಬೇಡ. ಬೇರೆ ಬ್ಯಾಂಕಿನ ಎಟಿಎಂ ಆಗಿದ್ದರೂ ದೂರು ಕೊಡಬೇಕಾದ್ದು ನಿಮ್ಮ ಖಾತೆ ಇರುವ ಬ್ಯಾಂಕಿಗೆ.

ಮಾರತ್ತಹಳ್ಳಿಯ ಒಂದು ಪ್ರಕರಣ ಇಲ್ಲಿ ಹೇಳಲೇಬೇಕು. 2013ರಲ್ಲಿ ಹೆರಿಗೆ ರಜೆಯಲ್ಲಿದ್ದ ಮಹಿಳೆಯೊಬ್ಬರು ಕಾರ್ಡ್, ಪಿನ್ ಎರಡನ್ನೂ ಗಂಡನಿಗೆ ಕೊಟ್ಟು 25,000 ರೂಪಾಯಿ ತರಲು ಕಳಿಸಿದರು. ಸ್ಲಿಪ್ ಬಂತು, ದುಡ್ಡು ಬರಲಿಲ್ಲ. ಸಿಸಿಟಿವಿಯಲ್ಲಿ ಗಂಡ ಕಾಣುತ್ತಾರೆ, ಖಾತೆದಾರರು ಇಲ್ಲ, ಪಿನ್ ಬೇರೆಯವರಿಗೆ ಕೊಟ್ಟದ್ದೇ ನಿಯಮ ಮುರಿದಂತೆ ಎಂದು ಬ್ಯಾಂಕ್ ವಾದಿಸಿತು. ವರ್ಷಗಟ್ಟಲೆ ನಡೆದ ಮೇಲೆ 2018ರಲ್ಲಿ ಬೆಂಗಳೂರಿನ ಗ್ರಾಹಕ ವೇದಿಕೆ ಬ್ಯಾಂಕಿನ ಮಾತನ್ನೇ ಒಪ್ಪಿತು. ಬಾಣಂತಿ ಎಟಿಎಂಗೆ ಹೋಗಬೇಕಿತ್ತಾ ಎಂದು ನಿಮಗೆ ಸಿಟ್ಟು ಬರಬಹುದು, ನನಗೂ ಬರುತ್ತದೆ. ಆದರೆ ಬ್ಯಾಂಕಿನ ಷರತ್ತುಗಳಲ್ಲಿ ಗಂಡ ಹೆಂಡತಿ ಎಂಬ ವಿನಾಯಿತಿ ಇಲ್ಲ. ಮನೆಯವರು ಹಣ ತೆಗೆಯಲೇಬೇಕಾದರೆ ಸೆಲ್ಫ್ ಚೆಕ್ ಕೊಡಿ ಅಥವಾ ಖಾತೆಯನ್ನೇ ಜಂಟಿ ಮಾಡಿಸಿ ಅವರಿಗೊಂದು ಕಾರ್ಡ್ ಪಡೆಯಿರಿ.

ಹಂತ 7: ದುಡ್ಡು ಹೋಗಿದೆ ಎಂದು ಗೊತ್ತಾದ ಕ್ಷಣದಿಂದ

ಮೊದಲು ಬ್ಲಾಕ್. ಆ್ಯಪ್, ಸಹಾಯವಾಣಿ, ಎಸ್‌ಎಂಎಸ್, ಯಾವುದು ಬೇಗ ಆಗುತ್ತದೋ ಅದು. ದೂರಿನ ಸಂಖ್ಯೆಯನ್ನೂ ಸಮಯವನ್ನೂ ಬರೆದುಕೊಳ್ಳಿ.

ಕೂಡಲೇ 1930ಕ್ಕೆ ಫೋನ್ ಮಾಡಿ. ಇದು ಇಡೀ ದೇಶಕ್ಕೆ ಒಂದೇ ಸೈಬರ್ ಸಹಾಯವಾಣಿ. ಹಣ ಬೇರೆ ಖಾತೆಗೆ ಹೋಗಿದ್ದರೆ ಅದನ್ನು ಅಲ್ಲೇ ತಡೆದು ನಿಲ್ಲಿಸುವ ಪ್ರಯತ್ನ ಇಲ್ಲಿಂದ ಶುರುವಾಗುತ್ತದೆ. ಎಟಿಎಂನಿಂದ ನೋಟಾಗಿ ಹೊರಟ ದುಡ್ಡನ್ನು ತಡೆಯಲು ಬರುವುದಿಲ್ಲ ನಿಜ. ಆದರೆ ಕಾರ್ಡ್ ಸಿಕ್ಕವನು ಅದನ್ನು ಅಂಗಡಿಯಲ್ಲೂ ಖಾತೆಗೆ ವರ್ಗಾಯಿಸಲೂ ಬಳಸಿರಬಹುದು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ ದೂರು ದಾಖಲಿಸಬಹುದು.

ಆಮೇಲೆ ಶಾಖೆಗೆ ಹೋಗಿ ಲಿಖಿತ ಅರ್ಜಿ ಕೊಡಿ. "ಹೇಳಿದೀವಿ, ನೋಡ್ತೀವಿ ಅಂದರು" ಎಂಬುದಕ್ಕೆ ಮುಂದೆ ಬೆಲೆ ಇರುವುದಿಲ್ಲ. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಹಣ, ಮೆಸೇಜು ಯಾವಾಗ ಬಂತು, ಯಾವಾಗ ಬ್ಲಾಕ್ ಮಾಡಿಸಿದಿರಿ ಎಂದು ಬರೆಯಿರಿ. ಎಟಿಎಂನ ಸಿಸಿಟಿವಿ ದೃಶ್ಯ ಮತ್ತು ಯಂತ್ರದ ವ್ಯವಹಾರ ದಾಖಲೆ ಕಾಯ್ದಿರಿಸಿ ಎಂದು ಅದರಲ್ಲೇ ಕೇಳಿ, ಹಳೆಯ ದೃಶ್ಯ ಸ್ವಲ್ಪ ಕಾಲದ ನಂತರ ಅಳಿಸಿಹೋಗುತ್ತದೆ. ನಕಲು ಪ್ರತಿಗೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.

ಪೊಲೀಸ್ ದೂರು ನಿಮ್ಮ ಠಾಣೆಯಲ್ಲೂ ಆಗುತ್ತದೆ, ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡುವ ಜಿಲ್ಲೆಯ ಸೆನ್ ಠಾಣೆಯಲ್ಲೂ ಆಗುತ್ತದೆ. ಕಾರ್ಡ್ ಅದಲು ಬದಲಾಗಿದ್ದರೆ ನಿಮ್ಮ ಕೈಯಲ್ಲಿ ಉಳಿದ ಬೇರೆಯವರ ಕಾರ್ಡನ್ನು ಸಿಟ್ಟಿನಲ್ಲಿ ಮುರಿದು ಎಸೆಯಬೇಡಿ. ಅದು ಬಹುಶಃ ಅದೇ ಕಳ್ಳನಿಗೆ ಮುಂಚೆ ಸಿಕ್ಕ ಇನ್ನೊಬ್ಬರದ್ದು. ಅದನ್ನು ಹಿಡಿದು ಹಿಂದಕ್ಕೆ ಹೋದರೆ ಪೊಲೀಸರಿಗೆ ಇನ್ನೊಂದು ಎಟಿಎಂ, ಇನ್ನೊಂದು ಕ್ಯಾಮೆರಾ ಸಿಗುತ್ತದೆ.

ಹಂತ 8: ನಷ್ಟ ಯಾರದ್ದು ಎಂಬ ಲೆಕ್ಕ

2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯನ್ನು ನೆನಪಿಟ್ಟುಕೊಳ್ಳಿ. ತಪ್ಪು ಬ್ಯಾಂಕಿನದ್ದಾದರೆ ನಿಮಗೆ ಒಂದು ರೂಪಾಯಿ ಹೊಣೆಯೂ ಇಲ್ಲ. ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ, ಮೂರನೆಯವನದು ಎಂದಾದರೆ ಬ್ಯಾಂಕಿನ ಮೆಸೇಜು ಬಂದ ದಿನ ಬಿಟ್ಟು 3 ಕೆಲಸದ ದಿನದೊಳಗೆ ತಿಳಿಸಿದರೂ ಹೊಣೆ ಸೊನ್ನೆ. 4ರಿಂದ 7 ಕೆಲಸದ ದಿನದಲ್ಲಿ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000, ಕನಿಷ್ಠ ಶಿಲ್ಕು ಬೇಡದ ಮೂಲ ಉಳಿತಾಯ ಖಾತೆಗೆ 5,000 ರೂಪಾಯಿ ನಿಮ್ಮ ಪಾಲು. 7 ದಿನ ದಾಟಿದರೆ ಆಯಾ ಬ್ಯಾಂಕಿನ ನೀತಿ ಹೇಳಿದಷ್ಟು. ತಿಳಿಸಿದ 10 ಕೆಲಸದ ದಿನದೊಳಗೆ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನದೊಳಗೆ ದೂರು ಇತ್ಯರ್ಥ ಮಾಡಬೇಕು. ತಪ್ಪು ಗ್ರಾಹಕರದ್ದೇ ಎಂದು ತೋರಿಸುವ ಭಾರವೂ ಬ್ಯಾಂಕಿನದ್ದೇ.

ತೊಡಕು ಇರುವುದು ಒಂದು ಕಡೆ. ಪಿನ್, ಒಟಿಪಿ ನೀವೇ ಹೇಳಿದ್ದರೆ ಅದು ನಿಮ್ಮ ನಿರ್ಲಕ್ಷ್ಯ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ನಿಮ್ಮದು. ಕಾರ್ಡ್ ಅದಲು ಬದಲಿನಲ್ಲೂ ಬ್ಯಾಂಕುಗಳು ಸಾಮಾನ್ಯವಾಗಿ ಇದನ್ನೇ ಹಿಡಿಯುತ್ತವೆ. "ಪಿನ್ ಸರಿಯಾಗಿಯೇ ಒತ್ತಲಾಗಿದೆ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ನೀವು ಪಿನ್ ಹೇಳಿಲ್ಲ, ಅವನು ಕದ್ದು ನೋಡಿದ ಎಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಬೇಕಾದ್ದು ಇದಕ್ಕೇ. ಮತ್ತು ಬ್ಲಾಕ್ ಮಾಡಿಸಿದ ನಂತರ ಹೋದ ಹಣ, ಹಿಂದೆ ಏನೇ ಆಗಿರಲಿ, ಬ್ಯಾಂಕಿನ ನಷ್ಟ.

ಹಂತ 9: ಬ್ಯಾಂಕ್ ಒಪ್ಪದಿದ್ದರೆ

30 ದಿನ ಕಳೆದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲ ಅನ್ನಿಸಿದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಓಂಬುಡ್ಸ್‌ಮನ್ ಇದ್ದಾರೆ. ಶುಲ್ಕವಿಲ್ಲ, ವಕೀಲರು ಬೇಡ. ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್ ತಾಣದಲ್ಲಿ ದೂರು ಹಾಕಿ, ಸೀಲು ಹಾಕಿಸಿದ ಅರ್ಜಿ, ಮೆಸೇಜುಗಳ ಫೋಟೊ, ಪೊಲೀಸ್ ದೂರಿನ ಪ್ರತಿ ಸೇರಿಸಿ. ಹೇಗೆ ಹಾಕುವುದು ಎಂದು ತಿಳಿಯದಿದ್ದರೆ 14448ಕ್ಕೆ ಕರೆ ಮಾಡಿ ಕೇಳಬಹುದು. ಬ್ಯಾಂಕಿಗೆ ಮೊದಲು ಲಿಖಿತ ದೂರು ಕೊಡದೆ ನೇರ ಇಲ್ಲಿಗೆ ಬಂದರೆ ದೂರು ತಿರಸ್ಕಾರವಾಗುತ್ತದೆ.

ಇನ್ನೊಂದು ದಾರಿ ಜಿಲ್ಲಾ ಗ್ರಾಹಕರ ಆಯೋಗ. ಘಟನೆ ನಡೆದ 2 ವರ್ಷದೊಳಗೆ ಹೋಗಬೇಕು, ಸ್ವತಃ ನೀವೇ ವಾದಿಸಬಹುದು. ಒಂದೇ ವಿಷಯವನ್ನು ಓಂಬುಡ್ಸ್‌ಮನ್ ಹತ್ತಿರವೂ ಆಯೋಗದಲ್ಲೂ ಒಟ್ಟಿಗೆ ನಡೆಸಲು ಬರುವುದಿಲ್ಲ. ಖರ್ಚಿಲ್ಲದ ಓಂಬುಡ್ಸ್‌ಮನ್ ದಾರಿಯನ್ನು ಮೊದಲು ಹಿಡಿಯಿರಿ. ಅಲ್ಲಿ ಕೆಲಸ ಆಗದಿದ್ದರೆ ಆಯೋಗಕ್ಕೆ ಹೋಗಲು 2 ವರ್ಷದಲ್ಲಿ ಇನ್ನೂ ಸಮಯ ಉಳಿದಿರುತ್ತದೆ.